ತರಾಸು ಕಥೆ, ದುರ್ಗದ ಬಂಡೆ

ಚಳ್ಳಕೆರೆ ತಾಲ್ಲೂಕಿನ ತಳುಕು ಮನೆತನದ ತರಾಸು ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಎಂಬ ಒಂದೇ ಚಿತ್ರವಾಗಿಸಿದರು. ಮೂರನ್ನು ಒಂದಾಗಿ ಹೆಣೆಯುವಾಗ ಕತ್ತರಿ ಬೀಳಲೇಬೇಕು. ಪುಟಕ್ಕೆ ಪುಟ ಹೋಲಿಸಿ ಅಂಕ ಕೊಡುವುದು ಸರಿಯಲ್ಲ. ಮಾತಿನಲ್ಲಿ ಬೆಳೆದದ್ದಕ್ಕೆ ತೆರೆ ತನ್ನದೇ ಭಾಷೆ ಕಂಡುಕೊಂಡಿತೇ ಎಂಬುದೇ ನನ್ನ ಅಳತೆಗೋಲು. ಚಿತ್ರದುರ್ಗದ ಬಂಡೆಗಳನ್ನೇ ನೋಡಿ. ಕಥಾನಾಯಕ ರಾಮಾಚಾರಿಯ ಹಟ, ಒರಟುತನ, ಒಂಟಿತನಗಳನ್ನು ಯಾರೂ ವಿವರಿಸಬೇಕಿಲ್ಲ. ಬಿಸಿಲಿಗೆ ಕಾದ ಆ ಕಲ್ಲುಗಳ ನಡುವೆ ಅವನು ನಿಂತರೆ ಸಾಕು. ಇದೇ ಸೀಮೆಯ ಮೊಳಕಾಲ್ಮೂರಿನ ಕಲ್ಲುಬೆಟ್ಟಗಳ ನಡುವೆ ಬೆಳೆದವರಿಗೆ ಇದು ಹೇಳದೆಯೇ ತಿಳಿಯುತ್ತದೆ. ಒಂದಿಡೀ ಪ್ರೇಮಗೀತೆಯನ್ನು ನಿಧಾನಗತಿಯಲ್ಲಿ ಚಿತ್ರಿಸಿ ಮೈಮರೆವನ್ನು ಕಣ್ಣಿಗೆ ಕಟ್ಟಿಸಿದ್ದಂತೂ ಕ್ಯಾಮೆರಾ ಮಾತ್ರ ಮಾಡಬಲ್ಲ ಕೆಲಸ.

ಚಿತ್ರ ಲೇಖಕರಿಗೇ ಒಪ್ಪಿಗೆಯಾಗಲಿಲ್ಲವಲ್ಲ ಎನ್ನುವವರಿದ್ದಾರೆ. ನಾಗರಹಾವನ್ನು ಕೇರೆಹಾವು ಮಾಡಿದರೆಂದು ತರಾಸು ನೊಂದದ್ದು ಜನಜನಿತ. ಆ ನೋವಿನಲ್ಲಿ ನ್ಯಾಯವಿದೆ. ಕಾದಂಬರಿಯ ಒಳತೋಟಿ ತೆರೆಯ ಮೇಲೆ ಎಷ್ಟೋ ಕಡೆ ಬರೀ ಭಾವಾವೇಶವಾಗಿದೆ. ಆದರೆ ಬರೆದವರ ಅಸಮಾಧಾನವೇ ಕೊನೆಯ ತೀರ್ಪಾಗಲಾರದು. ಹೋಲಿಕೆಗೆ, ಅವರದೇ ಇನ್ನೊಂದು ಕಾದಂಬರಿ ‘ಹಂಸಗೀತೆ’ಯನ್ನು 1975ರಲ್ಲಿ ಜಿ.ವಿ. ಅಯ್ಯರ್ ತೆರೆಗೆ ತಂದಾಗ, ಕಾದಂಬರಿ ಬಣ್ಣಿಸಿದ್ದ ಸಂಗೀತ ಬಾಲಮುರಳಿಕೃಷ್ಣರ ಕಂಠದಲ್ಲಿ ಕಿವಿಗೇ ಬಿತ್ತು. ರೂಪಾಂತರವಾಗಿ ನನಗೆ ‘ಹಂಸಗೀತೆ’ಯೇ ಒಂದು ತೂಕ ಹೆಚ್ಚು. ಚಿತ್ರಗಳನ್ನಷ್ಟೇ ನೋಡಿದವರು ದಯವಿಟ್ಟು ಆ ನಾಲ್ಕೂ ಕಾದಂಬರಿಗಳನ್ನು ಓದಿ.