ಕಳೆದುಳಿದವರ ಲೆಕ್ಕ: ಶ್ರಮಬಲದ ಅಳತೆಯ ಒಂದು ವಿಮರ್ಶೆ

ಒಂದು ದೇಶದ ಶ್ರಮಬಲವನ್ನು ಅಳೆಯುವಾಗ ದುಡಿಯುವವರನ್ನೂ ದುಡಿಮೆಯನ್ನು ಅರಸುವವರನ್ನೂ ಎಣಿಸುತ್ತಾರೆ. ದುಡಿಯುವ ವಯಸ್ಸಿನವರಲ್ಲಿ ಈ ಎರಡಕ್ಕೂ ಸೇರದೆ ಉಳಿದವರು ಶ್ರಮಬಲದ ಹೊರಗಿನವರು. ಹೀಗಾಗಿ ಈ ವರ್ಗಕ್ಕೆ ತನ್ನದೇ ಆದ ಲಕ್ಷಣವಿಲ್ಲ. ಕಳೆದುಳಿದುದೇ ಅದರ ಲಕ್ಷಣ. ವಿದ್ಯಾರ್ಥಿ, ವೃದ್ಧ, ರೋಗಿ, ಗೃಹಿಣಿ ಎಲ್ಲರೂ ಅದರಲ್ಲಿ ಅಡಕವಾಗುತ್ತಾರೆ. ಈ ಶೇಷವನ್ನು ಜನಜೀವನದ ಅಳತೆಯೆಂದು ನಂಬಬಹುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

1997ರ ವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಒಕ್ಕಲುತನವನ್ನು ಬಲ್ಲವರಿಗೆ ಇದರ ಸ್ವರೂಪ ಸುಲಭವಾಗಿ ತಿಳಿದೀತು. ಹಾನಗಲ್ಲದ ಭತ್ತದ ಹೊಲದಲ್ಲಿ ಕಳೆ ಕೀಳುವವಳು, ಸವಣೂರಿನಲ್ಲಿ ವೀಳ್ಯದೆಲೆಯನ್ನು ಎಣಿಸಿ ಕಟ್ಟುವವಳು, ಶಿಗ್ಗಾಂವಿಯಲ್ಲಿ ಎಮ್ಮೆಗೆ ಹುಲ್ಲು ತಂದು ಹಾಲು ಹಿಂಡುವವಳು, ಹಿರೇಕೆರೂರಿನಲ್ಲಿ ಹತ್ತಿ ಬಿಡಿಸುವವಳು—ಇವರು ಕೂಲಿಗೆ ಹೋದರೆ ನಿಸ್ಸಂದೇಹವಾಗಿ ಕೆಲಸಗಾರರು. ಸ್ವಂತ ಹೊಲದಲ್ಲಿ ದುಡಿದರೂ ವ್ಯಾಖ್ಯೆಯಂತೆ ಅವರು ಕೆಲಸಗಾರರೇ. ಆದರೆ ಗಣತಿಯವನು ಬಾಗಿಲಲ್ಲಿ ನಿಂತು ಕೇಳಿದಾಗ ಯಜಮಾನನ ಬಾಯಿಂದ ಬರುವ ಉತ್ತರ ಸಾಮಾನ್ಯವಾಗಿ ‘ಮನೀ ಕೆಲಸ’ ಎಂದು. ಅಲ್ಲಿಗೆ ವ್ಯಾಖ್ಯೆ ಪುಸ್ತಕದಲ್ಲಿ ಉಳಿಯುತ್ತದೆ. ಸಂಖ್ಯೆ ಉತ್ತರವನ್ನು ಹಿಂಬಾಲಿಸುತ್ತದೆ.

ಪ್ರಶ್ನೆ ಬದಲಾದರೆ ಸಂಖ್ಯೆ ಎಷ್ಟು ಬದಲಾದೀತು ಎಂಬುದಕ್ಕೆ ನಮ್ಮ ಜನಗಣತಿಯೇ ಸಾಕ್ಷಿ. 1961ರಲ್ಲಿ ಹಂಗಾಮಿನ ಬಹುಭಾಗದಲ್ಲಿ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ನಿಯತವಾಗಿ ದುಡಿದವರೆಲ್ಲ ಕೆಲಸಗಾರರೆನಿಸಿದರು. 1971ರಲ್ಲಿ ‘ಮುಖ್ಯ ಚಟುವಟಿಕೆ’ ಯಾವುದೆಂದು ಕೇಳಲಾಯಿತು. ದೇಶದ ಒಟ್ಟು ಸ್ತ್ರೀಯರಲ್ಲಿ ಕೆಲಸಗಾರರ ಪ್ರಮಾಣ ಸುಮಾರು ಶೇ. 28ರಿಂದ ಸುಮಾರು ಶೇ. 12ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಅರ್ಧಕ್ಕೂ ಹೆಚ್ಚು ಹೆಂಗಸರು ಹೊಲವನ್ನು ಬಿಟ್ಟು ಬಂದರೆಂದು ಯಾರೂ ನಂಬಲಾರರು. 1981ರಲ್ಲಿ 183 ದಿನಗಳ ಮಿತಿಯಿಂದ ಮುಖ್ಯ ಕೆಲಸಗಾರರು, ಅಲ್ಪಾವಧಿ ಕೆಲಸಗಾರರು ಎಂಬ ಭೇದ ಬಂದಿತು. 1991ರಲ್ಲಿ ಹೊಲಮನೆಗಳ ಸಂಬಳವಿಲ್ಲದ ದುಡಿಮೆಯನ್ನು ಪ್ರಶ್ನೆಯಲ್ಲಿಯೇ ಸ್ಪಷ್ಟವಾಗಿ ಸೇರಿಸಲಾಯಿತು.

ರಾಷ್ಟ್ರೀಯ ಮಾದರಿ ಸಮೀಕ್ಷೆಯ ಗೆರೆಯೂ ನಿರ್ದುಷ್ಟವಲ್ಲ. ಮನೆಯ ಬಳಕೆಗೆ ಭತ್ತ ಬೆಳೆದರೆ ಅದು ಆರ್ಥಿಕ ಚಟುವಟಿಕೆ. ಅದೇ ಭತ್ತವನ್ನು ಮನೆಯಲ್ಲಿ ಕುಟ್ಟಿ ಹಸನು ಮಾಡಿದರೆ ಅಲ್ಲ. ಗೃಹಕೃತ್ಯದೊಡನೆ ಉರುವಲು, ಮೇವು ಆರಿಸಿ ತರುವವರಿಗೆ ‘93’ ಎಂಬ ಸಂಕೇತ ಮೀಸಲಾಗಿದೆ; ಅವರು ಶ್ರಮಬಲದ ಹೊರಗಿನವರೇ. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಗೃಹಕೃತ್ಯದಲ್ಲಿ ತೊಡಗಿದ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಅದರಲ್ಲಿ ತೊಡಗಿದ ಪುರುಷರು 97 ನಿಮಿಷಗಳನ್ನೂ ವ್ಯಯಿಸಿದ್ದರು.

ಗೆರೆಯನ್ನು ಎಲ್ಲಿಯಾದರೂ ಎಳೆಯಲೇಬೇಕು, ಇಲ್ಲವಾದರೆ ದೇಶದೇಶಗಳ ಹೋಲಿಕೆ ಸಾಧ್ಯವಿಲ್ಲ ಎಂಬ ವಾದದಲ್ಲಿ ತಥ್ಯವಿದೆ. 2013ರ ಅಂತರರಾಷ್ಟ್ರೀಯ ನಿರ್ಣಯವು ಸ್ವಂತ ಬಳಕೆಯ ಉತ್ಪಾದನೆಯನ್ನೂ ಗೃಹಕೃತ್ಯವನ್ನೂ ‘ಕೆಲಸ’ವೆಂದು ಒಪ್ಪಿತು, ಆದರೆ ‘ಉದ್ಯೋಗ’ವೆಂಬ ಹೆಸರನ್ನು ಕೂಲಿ ಇಲ್ಲವೆ ಲಾಭಕ್ಕಾಗಿ ಮಾಡಿದ ದುಡಿಮೆಗೆ ಮಾತ್ರ ಉಳಿಸಿತು. ಇದರಿಂದ ಗೌರವ ದೊರೆಯಿತು. ಆದರೆ ಉಣ್ಣುವಷ್ಟನ್ನೇ ಬೆಳೆಯುವ ರೈತಳು ಉದ್ಯೋಗದ ಲೆಕ್ಕದಿಂದ ಹೊರಬೀಳುತ್ತಾಳೆ.

ಇತ್ತೀಚಿನ ಏರಿಕೆಯನ್ನೂ ಇದೇ ಎಚ್ಚರದಿಂದ ಓದಬೇಕು. 15 ವರ್ಷ ಮೀರಿದ ಗ್ರಾಮೀಣ ಸ್ತ್ರೀಯರಲ್ಲಿ ಶ್ರಮಬಲಕ್ಕೆ ಸೇರಿದವರು 2017-18ರಲ್ಲಿ ಶೇ. 24.6, 2023-24ರಲ್ಲಿ ಶೇ. 47.6. ಒಟ್ಟು ಸ್ತ್ರೀಯರನ್ನು ಆಧರಿಸಿದ ಗಣತಿಯ ಅಂಕಿಗಳ ಪಕ್ಕದಲ್ಲಿ ಇವನ್ನು ಇಡಲಾಗದು. ಇದರಲ್ಲಿ ಹೊಸ ಉದ್ಯೋಗವೆಷ್ಟು, ಹಳೆಯ ದುಡಿಮೆಗೆ ದೊರೆತ ಹೊಸ ಹೆಸರೆಷ್ಟು ಎಂಬುದನ್ನು ಬಿಡಿಸಿ ನೋಡದೆ ಹರ್ಷಪಡುವುದೂ ಮರುಗುವುದೂ ಅವಸರದ ಮಾತು.

ಮಾದರಿ ಸಮೀಕ್ಷೆ ತಾಲೂಕಿನ ಮಟ್ಟಕ್ಕೆ ಇಳಿಯದು. ಹಾನಗಲ್ಲ, ಹಿರೇಕೆರೂರುಗಳ ಹಳ್ಳಿಹಳ್ಳಿಯ ಮಾತನ್ನು ಹೇಳುವುದು ಜನಗಣತಿಯೊಂದೇ. ಅಲ್ಲಿ ‘ಕೆಲಸಗಾರರಲ್ಲದವರು’ ಎಂದು ಬರೆಸಿಕೊಂಡವಳಿಗೆ ಕೂಲಿಯ ದರದ ಚರ್ಚೆಯಲ್ಲಾಗಲಿ, ಕೃಷಿತರಬೇತಿಯ ಯೋಜನೆಯಲ್ಲಾಗಲಿ ಸ್ಥಾನ ಸಿಗುವುದು ಕಷ್ಟ. ಆದುದರಿಂದ ಉತ್ತರವನ್ನು ಆಕೆಯಿಂದಲೇ ಪಡೆಯಬೇಕು. ಹಂಗಾಮಿಗೊಮ್ಮೆ ಆಕೆಯ ತಾಸುಗಳನ್ನು ಎಣಿಸಬೇಕು. ಮನೆಯ ಬಳಿ ಕೆಲಸ ದೊರೆತರೆ ಒಪ್ಪುವಳೇ ಎಂದು ಕೇಳಬೇಕು. ಈ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಕೇಳಿ ನೋಡಿದರೆ, ಕಳೆದುಳಿದ ಸಂಖ್ಯೆಯಲ್ಲಿ ಎಷ್ಟು ದುಡಿಮೆ ಅಡಗಿದೆಯೆಂಬುದು ವ್ಯಕ್ತವಾದೀತು.