ಶಿಬಿರದಲ್ಲಿ ಉಳಿದವರ ಕಥೆ

ಮಣಿರತ್ನಂ ಅವರ ‘ಕನ್ನತ್ತಿಲ್ ಮುತ್ತಮಿಟ್ಟಾಲ್’ (2002) ಚಿತ್ರವನ್ನು ಮೊನ್ನೆ ಮೂಡಿಗೆರೆಯ ಗೆಳೆಯರ ಮನೆಯಲ್ಲಿ ಮತ್ತೆ ನೋಡಿದೆ. ಅಂತರ್ಯುದ್ಧದ ಶ್ರೀಲಂಕಾದಿಂದ ದೋಣಿಯಲ್ಲಿ ರಾಮೇಶ್ವರಕ್ಕೆ ಬಂದ ಬಸುರಿ ಶ್ಯಾಮಾ, ಶಿಬಿರದಲ್ಲಿ ಹೆತ್ತ ಕೂಸನ್ನು ಬಿಟ್ಟು ಗಂಡನನ್ನು ಹುಡುಕಿಕೊಂಡು ಮರಳುತ್ತಾಳೆ. ಆ ಕೂಸಿನ ಮೇಲೆ ಕಥೆ ಬರೆದ ಲೇಖಕ, ಅದನ್ನು ದತ್ತು ಪಡೆಯಲೆಂದೇ ಮದುವೆಯಾಗುತ್ತಾನೆ. ಕಥೆ ಬರೆದು ಕೈತೊಳೆದುಕೊಳ್ಳುವ ನನ್ನಂಥವರನ್ನು ಚುಚ್ಚುವ ಪಾತ್ರವಿದು. ಮಗಳ ಪ್ರಶ್ನೆಗಳ ಮುಂದೆ ತತ್ತರಿಸುವ ನಂದಿತಾ ದಾಸ್ ಅವರನ್ನು ಮರೆಯಲಾಗದು.

ಆದರೆ ಚಿತ್ರಕ್ಕೆ ಶಿಬಿರವೆಂದರೆ ಕೂಸು ಹುಟ್ಟುವ ಜಾಗ, ಅಷ್ಟೇ. ಅಲ್ಲಿಯೇ ಉಳಿದವರು ಏನು ದುಡಿದರು, ಅವರ ಮಕ್ಕಳು ಯಾವ ಭಾಷೆಯಲ್ಲಿ ಓದಿದರು? ಕ್ಯಾಮೆರಾ ಕೇಳುವುದಿಲ್ಲ.

ನಾವು ಕೇಳಬೇಕು. ನಮ್ಮ ಕಾಫಿ ಗುಡ್ಡಗಳಿಂದ ಘಟ್ಟ ಇಳಿದು ತೆಂಕಲಿಗೆ ಹೋದರೆ ಸುಳ್ಯ. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದಲ್ಲಿ ಸಿಲೋನಿನ 5,25,000 ತೋಟದ ತಮಿಳರನ್ನು ಭಾರತ ಒಪ್ಪಿಕೊಂಡಿತ್ತು. ಅವರಲ್ಲಿ ಕೆಲವರನ್ನು ಸುಳ್ಯದ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಲಾಯಿತು. ಕಾಗದದಲ್ಲಿ ಅವರು ನಿರಾಶ್ರಿತರಲ್ಲ, ‘ಮರಳಿದವರು’. ಹುಟ್ಟಿದ್ದೇ ಸಿಲೋನಿನಲ್ಲಾದರೆ ಮರಳುವುದು ಎಲ್ಲಿಗೆ?

ಕಾಫಿ ಕುಯ್ಲಿಗೆ ಕಳಸದ ಲೈನ್ ಮನೆಗೆ ಬಂದಿದ್ದ ಅಜ್ಜಿಯೊಬ್ಬರನ್ನು ಒಮ್ಮೆ ಊರು ಯಾವುದೆಂದು ಕೇಳಿದ್ದೆ. ‘ಕ್ಯಾಂಡಿ’ ಅಂದವರು, ತುಸು ತಡೆದು, ‘ಸುಳ್ಯ’ ಅಂದರು.