ಊದು ಅನ್ನೋರು ಗಡಿಯಾರ ನೋಡಲ್ಲ

ಜನವರಿಯಲ್ಲಿ ರಸ್ತೆ ಸುರಕ್ಷತೆಯ ಬ್ಯಾನರ್‌ಗಳು ಎದ್ದವೆಂದರೆ ನಮ್ಮ ಆಫೀಸಿನ ಊಟದ ಟೇಬಲ್ ಮೇಲೂ ಒಂದು ಮಾತು ಬರುತ್ತೆ: ಈ ಲಾರಿ ಡ್ರೈವರ್‌ಗಳಿಗೆಲ್ಲ ಡ್ರಗ್ ಟೆಸ್ಟ್ ಕಡ್ಡಾಯ ಮಾಡ್ಬೇಕು ಅಂತ. ಬೇಡ ಅಂತ ನಾನೂ ಹೇಳಲ್ಲ. ಆದರೆ ಹಾಗೆ ಹೇಳೋರು ಯಾವ ಕಾಯಿಲೆಗೆ ಯಾವ ಪರೀಕ್ಷೆ ಬರೀತಿದಾರೆ ಅನ್ನೋದರ ಬಗ್ಗೆ ನನಗೆ ತಕರಾರಿದೆ.

ನಾನು ಮಸ್ಕಿ ಕಡೆಯ ಹಳ್ಳಿಯವನು. ಮಸ್ಕಿ ಅಂದ್ರೆ ನಿಮಗೆ ಅಶೋಕನ ಶಾಸನ ನೆನಪಾಗಬಹುದು. ನಮಗೆ ಮೊದಲು ನೆನಪಾಗೋದು ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಯಲ್ಲಿ ರಾತ್ರಿಯಿಡೀ ನಿಲ್ಲದ ಲಾರಿ ಸದ್ದು.

ಮೊದಲು ಕಾನೂನು ನೋಡೋಣ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲ ಸಿಕ್ಕರೆ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಮಾದಕ ವಸ್ತುವಿಗೆ ಮಾತ್ರ ಇಂಥ ಅಂಕಿ ಇಲ್ಲ. ವಾಹನದ ಮೇಲೆ ಹತೋಟಿ ತಪ್ಪುವಷ್ಟು ಅಮಲು ಇರಬೇಕು ಅಷ್ಟೇ. ರಸ್ತೆಯಲ್ಲಿ ಊದಿಸೋ ಯಂತ್ರಕ್ಕೆ ಗೊತ್ತಿರೋದು ಆಲ್ಕೋಹಾಲ್ ಒಂದೇ. ಗಾಂಜಾ ಗೊತ್ತಾಗಲ್ಲ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಕಳ್ಳತನದಿಂದ ಮಾರೋ ಕಲಬೆರಕೆ ಸೇಂದಿಗೆ ಸಿಎಚ್ ಪೌಡರ್, ಅಂದ್ರೆ ಕ್ಲೋರಲ್ ಹೈಡ್ರೇಟ್ ಬೆರೆಸ್ತಾರೆ. ಅದು ನಿದ್ದೆ ಬರಿಸೋ ರಾಸಾಯನಿಕ. ಅದರ ಮಂಪರೂ ಯಂತ್ರಕ್ಕೆ ಕಾಣಲ್ಲ. ಹಾಗಾಗಿ ಲ್ಯಾಬ್ ಪರೀಕ್ಷೆ ಬೇಕು ಅನ್ನೋ ವಾದದಲ್ಲಿ ಹುರುಳಿದೆ.

ಆದರೆ ನಾನು ಕಂಡ ಡ್ರೈವರ್‌ಗಳಲ್ಲಿ ಹೆಚ್ಚಿನವರು ಬಾಯಿಗೆ ಏನಾದರೂ ಹಾಕ್ಕೊಳ್ಳೋದು ಮಜಾ ಮಾಡೋಕಲ್ಲ, ಎಚ್ಚರ ಇರೋಕೆ. ಗುಟ್ಕಾ 2013ರಲ್ಲೇ ನಿಷೇಧವಾಯ್ತು. ಈಗ ಪಾನ್ ಮಸಾಲಾದ್ದೊಂದು, ತಂಬಾಕಿನದೊಂದು, ಎರಡು ಪಾಕೀಟು ಕೊಂಡು ಅಂಗೈಯಲ್ಲೇ ಕಲಸ್ಕೊಂತಾರೆ. ಮೇಲೆ ಬೀಡಿ, ಮೇಲೆ ಚಹಾ. ಇದೆಲ್ಲ ನಿದ್ದೆಯ ಸಾಲದ ಮೇಲೆ ಕಟ್ಟೋ ಬಡ್ಡಿ.

ಆ ಸಾಲ ಹೇಗೆ ಬೆಳೆಯುತ್ತೆ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಬೆಳೆದ ಭತ್ತ ಸಿಂಧನೂರಿನ ಮಿಲ್ಲುಗಳಲ್ಲಿ ಸೋನಾ ಮಸೂರಿ ಆಗುತ್ತೆ. ಲಾರಿ ಬೆಳಿಗ್ಗೆಯೇ ಮಿಲ್ಲಿನ ಗೇಟಿಗೆ ಹೋಗಿ ಪಾಳಿ ಹಿಡೀಬೇಕು. ಹಮಾಲರು ಬರಬೇಕು, ಚೀಲ ಏರಬೇಕು, ತಾಡಪಾಲು ಹೊದಿಸಿ ಹಗ್ಗ ಬಿಗೀಬೇಕು. ಅಷ್ಟರಲ್ಲಿ ಸಂಜೆ. ಡ್ರೈವರ್‌ನ ಭತ್ಯೆ ಇರೋದು ಟ್ರಿಪ್ಪಿಗೆ, ಕಾಯೋದಕ್ಕಲ್ಲ. ಆ ಹಗಲು ಅವನ ಲೆಕ್ಕದಲ್ಲಿ ಕೆಲಸವೂ ಅಲ್ಲ, ವಿಶ್ರಾಂತಿಯೂ ಅಲ್ಲ. ಇಷ್ಟಾದ ಮೇಲೆ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ಹಗಲಿನ ಟ್ರಾಫಿಕ್ ಹೊತ್ತಲ್ಲಿ ನಗರದೊಳಗೆ ಭಾರಿ ವಾಹನ ಬಿಡಲ್ಲ, ಅದಕ್ಕೇ ಬೆಳಕು ಹರಿಯೋದರೊಳಗೆ ಯಶವಂತಪುರ ಮುಟ್ಟಬೇಕು. ನಿಮ್ಮ ಬೆಳಗಿನ ಕ್ಯಾಬ್‌ಗೆ ರಸ್ತೆ ಸಲೀಸಾಗಿರಲಿ ಅಂತ ಮಾಡಿದ ನಿಯಮ ಅದು. ಅದರ ನಿದ್ದೆ ಕಟ್ಟಿದವನು ಇವನು. (ನಾವು ರಾತ್ರಿ ಒಂದು ರಿಲೀಸ್ ಮಾಡಿದರೆ ಮರುದಿನ ಕಾಂಪ್-ಆಫ್ ಕೇಳೋ ಜನ.)

1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರ ಅಧ್ಯಯನ ಬಂತು. ಸತತ 17 ತಾಸು ಎಚ್ಚರ ಇದ್ದವನ ಕೈ-ಕಣ್ಣಿನ ಹಿಡಿತ, ರಕ್ತದಲ್ಲಿ 0.05% ಆಲ್ಕೋಹಾಲ್ ಇದ್ದವನ ಮಟ್ಟಕ್ಕೆ ಇಳಿದಿತ್ತು. ಅಂದ್ರೆ 100 ಮಿಲಿಲೀಟರ್‌ಗೆ 50 ಮಿಲಿಗ್ರಾಂ. ನಮ್ಮ ಕಾನೂನಿನ ಮಿತಿ 30! ಬೆಳಿಗ್ಗೆ 6ಕ್ಕೆ ಎದ್ದು ಮಿಲ್ಲಿಗೆ ಹೋದವನು ರಾತ್ರಿ 11ಕ್ಕೆ ದಾರಿಯಲ್ಲಿ ಊದಿದರೆ ಯಂತ್ರ ಸೊನ್ನೆ ತೋರಿಸುತ್ತೆ, ಪೊಲೀಸರು ಹೋಗು ಅಂತಾರೆ.

ಹೊತ್ತಿಗೂ ಕಾನೂನು ಇಲ್ಲ ಅಂತಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಅಂತ ಬರೆದಿತ್ತು. ಆದರೆ ಆ ಕಾಯ್ದೆ 5 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರೋ ಸಂಸ್ಥೆಗಳಿಗೆ. ನಮ್ಮ ಕಡೆ ಒಂದು ಲಾರಿ, ಎರಡು ಲಾರಿ ಇರೋ ಮಾಲೀಕರೇ ಜಾಸ್ತಿ. ಮೋಟಾರು ವಾಹನ ಕಾಯ್ದೆಯ 91ನೇ ಕಲಮೂ ಅದೇ ತಾಸಿನ ಲೆಕ್ಕ ಪಾಲಿಸಿ ಅನ್ನುತ್ತೆ. ಪಾಲಿಸಿದ್ರಾ ಅಂತ ಹೆದ್ದಾರಿಯಲ್ಲಿ ಕೇಳಿದವರನ್ನ ನಾನಂತೂ ಕಂಡಿಲ್ಲ. ಶಿಕ್ಷೆಯ ಮಾತು ಬಂದಾಗ ಮಾತ್ರ ಎಲ್ಲರಿಗೂ ಡ್ರೈವರ್ ನೆನಪಾಗ್ತಾನೆ. ಅಪಘಾತ ಮಾಡಿ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು ಅನ್ನೋ ನ್ಯಾಯ ಸಂಹಿತೆಯ 106(2)ಕ್ಕೆ 2024ರ ಜನವರಿಯಲ್ಲಿ ದೇಶದ ಚಾಲಕರು ಸ್ಟೀರಿಂಗ್ ಬಿಟ್ಟಿಳಿದರು, ಅದಕ್ಕೇ ಆ ಉಪಕಲಂ ಜಾರಿಯಾಗದೆ ನಿಂತಿತು. ಹೊಸದಾಗಿ ತಯಾರಾಗೋ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದು ಒಳ್ಳೇದೇ, ಏಪ್ರಿಲ್ಲಿನ ಸಿಂಧನೂರು ಬಿಸಿಲು ಕಂಡೋರಿಗೆ ಗೊತ್ತು. ತಂಪಲ್ಲಿ ನಿದ್ದೆ ಇನ್ನೂ ಬೇಗ ಬರುತ್ತೆ ಅನ್ನೋದು ಬೇರೆ ಮಾತು.

ಅಮೆರಿಕದ ಲಾರಿ ಕಂಪನಿಗಳಿಗಾಗಿ ಬರೆಯೋ ಒಂದು ಸಾಫ್ಟ್‌ವೇರಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೀನಿ. ಡ್ರಗ್ ಟೆಸ್ಟ್‌ಗೆ ಎಲ್ಲರೂ ಅಮೆರಿಕದ ಉದಾಹರಣೆ ಕೊಡ್ತಾರಲ್ಲ, ಅಲ್ಲಿ ವರ್ಷಕ್ಕೆ 50% ಚಾಲಕರ ಲೆಕ್ಕದಲ್ಲಿ ಚೀಟಿ ಎತ್ತಿದ ಹಾಗೆ ಟೆಸ್ಟ್ ಮಾಡ್ತಾರೆ, ನಿಜ. ಆದರೆ ಅದರ ಪಕ್ಕದಲ್ಲೇ ಇನ್ನೊಂದಿದೆ: 10 ತಾಸು ಬಿಡುವಾದ ಮೇಲೆ 11 ತಾಸಷ್ಟೇ ಓಡಿಸಬೇಕು, ಅದೂ 14 ತಾಸಿನೊಳಗೆ. ಸರಕು ತುಂಬೋಕೆ ಕಾಯೋ ಹೊತ್ತು ಆ 14ರಲ್ಲೇ ಕರಗುತ್ತೆ. 2017ರ ಡಿಸೆಂಬರಿನಿಂದ ಇದನ್ನ ಎಂಜಿನ್ನಿಗೆ ಜೋಡಿಸಿದ ಎಲೆಕ್ಟ್ರಾನಿಕ್ ಲಾಗ್ ದಾಖಲಿಸುತ್ತೆ. ನಾವು ಟೆಸ್ಟ್ ಒಂದನ್ನೇ ತಂದುಕೊಂಡು ಗಡಿಯಾರ ಅಲ್ಲೇ ಬಿಟ್ಟು ಬರೋಕೆ ಹೊರಟಿದ್ದೀವಿ.

ತಂತ್ರಜ್ಞಾನ ಇಲ್ಲ ಅಂತ ಯಾರೂ ಹೇಳಬೇಡಿ. ಫಾಸ್ಟ್ಯಾಗ್ 2021ರಿಂದ ಕಡ್ಡಾಯ. ಯಾವ ಟೋಲ್ ಎಷ್ಟೊತ್ತಿಗೆ ದಾಟಿತು ಅನ್ನೋದು ಅದರಲ್ಲಿದೆ. ಜಿಪಿಎಸ್ ಹಾಕಿಸಿದ ಮಾಲೀಕ, ಲಾರಿ ಅರ್ಧ ತಾಸು ನಿಂತರೆ ಫೋನ್ ಮಾಡಿ ಯಾಕೆ ನಿಂತಿ ಅಂತ ಬೈತಾನೆ. ಅದೇ ಡೇಟಾದಲ್ಲಿ, ನಿಲ್ಲದೆ ಎಷ್ಟು ತಾಸು ಓಡಿಸ್ದೆ ಅಂತ ಕೇಳೋಕೆ ನಾಲ್ಕು ಸಾಲು ಕೋಡ್ ಸಾಕು.

ಅಪಘಾತವಾದಾಗ ಡ್ರೈವರ್‌ನ ರಕ್ತದ ಸ್ಯಾಂಪಲ್ ಜೊತೆಗೆ ಮಿಲ್ಲಿನ ಲೋಡಿಂಗ್ ಚೀಟಿ, ಟೋಲಿನ ಸಮಯ, ಮಾಲೀಕನ ಫೋನ್ ಕರೆಗಳ ಪಟ್ಟಿಯನ್ನೂ ತರಿಸಲಿ. ಗೇಟಿನಲ್ಲಿ ಕಾಯೋ ಪ್ರತಿ ತಾಸಿಗೂ ಇಷ್ಟು ಅಂತ ಮಿಲ್ಲಿನವರು ದುಡ್ಡು ಕೊಡೋ ಹಾಗಾದರೆ, ಬೆಳಿಗ್ಗೆ ಬಂದ ಲಾರಿ ಮಧ್ಯಾಹ್ನಕ್ಕೇ ತುಂಬುತ್ತೆ. ಹೊರಡೋದರೊಳಗೆ ಅವನಿಗೆ ಕ್ಯಾಬಿನ್ನಿನಲ್ಲೇ ನಾಲ್ಕು ತಾಸು ಮಲಗೋಕೆ ಆಗುತ್ತೆ.